ಹುಡುಗ ಮನೆಬಿಟ್ಟು ಮೂರು ದಿನ: ಓಣಿಯವರು ಹೇಗೆ ಹುಡುಕಬೇಕು?

ಪ್ರಶ್ನೆ: ನಮ್ಮದು ಗದಗದ ಬೆಟಗೇರಿ. ನಮ್ಮ ಓಣಿಯ 16 ವರ್ಷದ ಹುಡುಗ, ಪಿಯುಸಿ ಮೊದಲ ವರ್ಷ. ಮಂಗಳವಾರ ಸಂಜೆ ಟ್ಯೂಷನ್‌ಗೆ ಅಂತ ಹೋದವನು ವಾಪಸ್ ಬಂದಿಲ್ಲ. ಅದೇ ರಾತ್ರಿಯಿಂದ ಫೋನ್ ಸ್ವಿಚ್ ಆಫ್. ಹಿಂದಿನ ದಿನ ಮನೆಯಲ್ಲಿ ಮೊಬೈಲ್ ವಿಷಯಕ್ಕೆ ಜಗಳ ಆಗಿತ್ತು. ಠಾಣೆಗೆ ಹೋದರೆ "ದೊಡ್ಡ ಹುಡುಗ, ರೊಕ್ಕ ಖಾಲಿ ಆದ್ರ ತಾನ ಬರ್ತಾನ" ಅಂದರು. ಅರ್ಜಿ ತೆಗೆದುಕೊಂಡು, ಇನ್ನೊಂದು ಪ್ರತಿಗೆ ಸೀಲ್ ಹಾಕಿ ಕೊಟ್ಟರು. ಓಣಿಯ ಹುಡುಗರೆಲ್ಲ ಬೈಕ್ ಮೇಲೆ ಹುಡುಕುತ್ತಿದ್ದೇವೆ. ಫೋಟೋ ಎಲ್ಲ ಗ್ರೂಪ್‌ಗೂ ಹೋಗಿದೆ. ದಿನಕ್ಕೊಂದು ಸುದ್ದಿ ಬರುತ್ತದೆ, ಒಂದೂ ನಿಜ ಆಗುತ್ತಿಲ್ಲ. ಹಿರಿಯರು ಅಂಜನ ಹಾಕಿಸೋಣ ಅಂತಾರೆ. 25 ಸಾವಿರ ಬಹುಮಾನ ಇಡೋಣ ಅಂತ ಇನ್ನು ಕೆಲವರು. ನಾವು ಮಾಡುತ್ತಿರುವುದು ಸರಿಯೇ? ಇನ್ನೇನು ಮಾಡಬೇಕು?

ಉತ್ತರ: ಹುಡುಗನ ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ನಿಮ್ಮ ಪತ್ರದಿಂದ ತೆಗೆದಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಠಾಣೆಯ ವಿಷಯ ಮಾತಾಡೋಣ, ಅದು ಇವತ್ತೇ ಆಗಬೇಕಾದ ಕೆಲಸ.

ನಿಮ್ಮ ಕೈಯಲ್ಲಿ ಇರುವುದು ಅರ್ಜಿ ಮುಟ್ಟಿದ್ದಕ್ಕೆ ಗುರುತು, ಅಷ್ಟೇ. ಅದು ಎಫ್‌ಐಆರ್ ಅಲ್ಲ. ಸೀಲ್ ಬಿದ್ದ ಕೂಡಲೇ ಕೇಸ್ ಆಯಿತು ಅಂತ ತಿಳಿದು ಎಷ್ಟೋ ಮನೆಯವರು ವಾರಗಟ್ಟಲೆ ಸುಮ್ನೆ ಕೂತಿರುತ್ತಾರೆ. ಎಫ್‌ಐಆರ್‌ಗೆ ಒಂದು ಅಪರಾಧ ಸಂಖ್ಯೆ ಇರುತ್ತದೆ, ಹಾಕಿದ ಸೆಕ್ಷನ್ ಇರುತ್ತದೆ, ತನಿಖಾಧಿಕಾರಿಯ ಹೆಸರು ಇರುತ್ತದೆ. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ನಾಳೆ ಗೋವಾದಿಂದಲೋ ಮೀರಜ್‌ನಿಂದಲೋ ಯಾರಾದರೂ ಫೋನ್ ಮಾಡಿ "ಇಲ್ಲೊಬ್ಬ ಹುಡುಗ ಸಿಕ್ಕಿದ್ದಾನೆ" ಅಂದರೆ ಅಲ್ಲಿನ ಪೊಲೀಸರು ಮೊದಲು ಕೇಳುವುದೇ ಆ ಸಂಖ್ಯೆಯನ್ನು.

"ದೊಡ್ಡ ಹುಡುಗ" ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ. 2013ರ ಮೇ ತಿಂಗಳಲ್ಲಿ, ಮಕ್ಕಳ ಹಕ್ಕಿಗಾಗಿ ದುಡಿಯುವ ಬಚ್‌ಪನ್ ಬಚಾವೋ ಆಂದೋಲನ ಅನ್ನುವ ಸಂಸ್ಥೆ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು. ಅಪಹರಣವೋ ಮಾನವ ಕಳ್ಳಸಾಗಣೆಯೋ ಆಗಿರಬಹುದು ಅಂತ ಹಿಡಿದೇ ತನಿಖೆ ಶುರು ಮಾಡಬೇಕು. ಮಗು ಅಂದರೆ 18 ತುಂಬದವರು. 24 ಗಂಟೆ ಕಾಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ, ಅದು ಬಾಯಿಂದ ಬಾಯಿಗೆ ಬಂದದ್ದು. ಹಳೆಯ ಐಪಿಸಿಯಲ್ಲಿ ಪೋಷಕರ ವಶದಿಂದ ಅಪಹರಣ ಅನ್ನಬೇಕಾದರೆ ಹುಡುಗಿಗೆ 18, ಹುಡುಗನಿಗೆ 16 ವಯಸ್ಸಿನ ಮಿತಿ ಇತ್ತು. 16 ದಾಟಿದ ಹುಡುಗರನ್ನು ಹಗುರವಾಗಿ ನೋಡುವ ರೂಢಿ ಅಲ್ಲಿಂದಲೇ ಬಂದಿರಬಹುದು. 2024ರ ಜುಲೈ 1ರಿಂದ ಐಪಿಸಿಯ ಬದಲು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್‌ನಲ್ಲಿ ಇಬ್ಬರಿಗೂ 18 ಅಂತ ಆಗಿದೆ.

ಹಾಗಾಗಿ ತಂದೆ ಅಥವಾ ತಾಯಿ, ಜೊತೆಗೆ ಓದು ಬರಹ ಬಲ್ಲ ಒಬ್ಬರು, ಇಬ್ಬರೇ ಹೋಗಿ. ಇಪ್ಪತ್ತು ಜನ ಹೋದರೆ ಅದು ಗಲಾಟೆ ಅನ್ನಿಸಿಕೊಳ್ಳುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಅವರನ್ನೇ ಕೇಳಿ. ಆಗಲಿಲ್ಲವೋ, ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರವಣಿಗೆಯಲ್ಲಿ ಕೊಡಿ, ಅಂಚೆಯಲ್ಲೂ ಕಳಿಸಿ. ಹುಬ್ಬಳ್ಳಿ-ಧಾರವಾಡ ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ಜೊತೆಗೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಲ್ಲಿಂದ ವಿಷಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತದೆ, ಠಾಣೆಯನ್ನು ಕೇಳುವವರು ಇನ್ನೊಬ್ಬರು ಆಗುತ್ತಾರೆ.

ಇನ್ನು ಮನೆಯೊಳಗಿನ ಹುಡುಕಾಟ. ಬೈಕ್ ತೆಗೆದುಕೊಂಡು ಬಿಂಕದಕಟ್ಟಿ, ಮುಳಗುಂದ ನಾಕಾ ಸುತ್ತುವ ಮೊದಲು ಆಗಬೇಕಾದದ್ದು ಇದು. ಏನೇನು ಹೋಗಿದೆ ನೋಡಿ. ಚಾರ್ಜರ್ ಇದೆಯಾ? ಸಿಟ್ಟಿನಲ್ಲಿ ಎದ್ದು ಹೋದ ಹುಡುಗ ಚಾರ್ಜರ್ ಒಯ್ಯುವುದಿಲ್ಲ. ಒಯ್ದಿದ್ದಾನೆ ಅಂದರೆ ಎಲ್ಲೋ ಉಳಿಯುವ ಯೋಚನೆ ಮಾಡಿಯೇ ಹೋಗಿದ್ದಾನೆ. ಆಧಾರ್ ಕಾರ್ಡ್ ಇಲ್ಲವಾ? ಹಾಗಾದರೆ ಕೆಲಸ ಕೇಳಲು ಹೋಗಿರುವ ಸಾಧ್ಯತೆ ಜಾಸ್ತಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಹೊದಿಕೆ, ಎರಡನೇ ಜೊತೆ ಚಪ್ಪಲಿ, ಅವ್ವ ಅಕ್ಕಿ ಡಬ್ಬಿಯಲ್ಲಿ ಇಟ್ಟ ನೋಟು, ಇವೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತೆರೆದು ನೋಡಿ. ಈ ವಯಸ್ಸಿನವರ ಲೆಕ್ಕಾಚಾರವೆಲ್ಲ ಅಲ್ಲೇ ಇರುತ್ತದೆ: ಫೋನ್ ನಂಬರು, ಬಸ್ ಚಾರ್ಜು, ಯಾರೋ ಕೊಡಬೇಕಾದ ಬಾಕಿ. ಹೋದ ದಿನ ಬಿಟ್ಟ ಅಂಗಿಯನ್ನು, ಹೊದ್ದ ಚಾದರವನ್ನು ಯಾರೂ ಮುಟ್ಟದೆ ಬೇರೆ ಚೀಲದಲ್ಲಿ ಎತ್ತಿಡಿ, ಒಗೆಯಬೇಡಿ. ಶ್ವಾನದಳ ಬಂದರೆ ಅದೇ ಬೇಕು.

ಇಲ್ಲೇ ಒಂದು ಕಠಿಣ ಮಾತು ಹೇಳಬೇಕು. ಚೀಟಿ ಬರೆದಿಟ್ಟಿದ್ದರೆ, ಸ್ಟೇಟಸ್‌ನಲ್ಲಿ ವಿದಾಯದಂಥ ಸಾಲು ಹಾಕಿದ್ದರೆ, ತನ್ನ ಪ್ರೀತಿಯ ವಸ್ತುಗಳನ್ನು ಗೆಳೆಯರಿಗೆ ಹಂಚಿದ್ದರೆ, ಏನೂ ಒಯ್ಯದೆ ಹೋಗಿದ್ದರೆ, ಹುಡುಕಾಟದ ದಿಕ್ಕೇ ಬೇರೆ. ಆಗ ಹತ್ತಿರದ ಬಾವಿ, ಕೃಷಿ ಹೊಂಡ, ಕೆರೆ, ರೈಲು ಹಳಿ, ಕಟ್ಟುತ್ತಿರುವ ಕಟ್ಟಡಗಳನ್ನು ತಡಮಾಡದೆ ನೋಡಬೇಕು. 112ಕ್ಕೆ ಫೋನ್ ಮಾಡಿ ಇದನ್ನೇ ಸ್ಪಷ್ಟವಾಗಿ ಹೇಳಬೇಕು. ಬಾವಿಗೆ ಓಣಿಯ ಹುಡುಗರನ್ನು ಇಳಿಸಬೇಡಿ, ಅಗ್ನಿಶಾಮಕ ದಳ ಬರಲಿ. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ಕಾಣಲಿಲ್ಲ. ಆದರೂ ಮನೆಯವರನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಇದನ್ನು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ, ಹಾಗಾಗಿ ಕೇಳದೇ ಉಳಿದುಬಿಡುತ್ತದೆ.

ಈಗ ಗೆಳೆಯರು. ನನ್ನ ಅನುಭವದಲ್ಲಿ ಹದಿಹರೆಯದವರ ಕೇಸುಗಳಲ್ಲಿ ಬಹುಪಾಲು ಸುಳಿವು ಸಿಗುವುದು ಒಬ್ಬ ಗೆಳೆಯನ ಹತ್ತಿರ. ಅವನು ಮೊದಲ ಸಲ ಕೇಳಿದಾಗ "ನನಗ ಗೊತ್ತಿಲ್ರಿ" ಅಂದೇ ಅನ್ನುತ್ತಾನೆ. ಯಾಕೆ ಅನ್ನುವುದಿಲ್ಲ ಹೇಳಿ? ಕಟ್ಟೆಯ ಮೇಲೆ ಹತ್ತು ಮಂದಿ ಗಂಡಸರು ಸುತ್ತ ನಿಂತು, ಅವನ ಅಪ್ಪನೂ ಅಲ್ಲೇ ಇದ್ದು, "ನಿನಗ ಗೊತ್ತೈತಿ, ಬೊಗಳು" ಅಂತ ಗದರಿದರೆ ಯಾವ ಹುಡುಗ ಬಾಯಿಬಿಡುತ್ತಾನೆ? ಒಮ್ಮೆ ಎಲ್ಲರ ಮುಂದೆ ಗೊತ್ತಿಲ್ಲ ಅಂದುಬಿಟ್ಟ ಮೇಲೆ ಆ ಸುಳ್ಳನ್ನು ಕಾಯುವುದೇ ಅವನ ಕೆಲಸವಾಗುತ್ತದೆ. ಪೊಲೀಸರು ಬಂದರೂ ಅದನ್ನೇ ಹೇಳುತ್ತಾನೆ.

ಆ ಹುಡುಗನಿಗೆ ಸಲಿಗೆ ಇರುವ ಒಬ್ಬರನ್ನೇ ಕಳಿಸಿ. ಓಣಿಯ ಅಕ್ಕ, ಕಬಡ್ಡಿ ಆಡಿಸುವ ಅಣ್ಣ, ಹೈಸ್ಕೂಲಿನ ಟೀಚರ್, ಯಾರಾದರೂ ಆಗಬಹುದು. ಚಹಾ ಅಂಗಡಿಯಲ್ಲೋ ಮಾಳಿಗೆ ಮೇಲೋ ಪಕ್ಕದಲ್ಲಿ ಕೂತು ಹೀಗೆ ಶುರು ಮಾಡಲಿ: "ತಮ್ಮಾ, ಅಂವ ಎಲ್ಲಿದ್ದಾನ ಅಂತ ನಾ ಕೇಳಂಗಿಲ್ಲ. ಉಂಡಾನೋ ಇಲ್ಲೋ, ಅಷ್ಟ ಹೇಳು." ಈ ಪ್ರಶ್ನೆಗೆ ಉತ್ತರ ಕೊಟ್ಟರೆ ಗೆಳೆಯನನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ, ಅಲ್ವಾ? ಅದಕ್ಕೇ ಉತ್ತರ ಬರುತ್ತದೆ. "ಉಂಡಾನ್ರಿ" ಅಂದರೆ ಮಾತಾಡಿದ್ದಾನೆ ಅಂತ ಅರ್ಥ. ಸುಮ್ಮನೆ ತಲೆ ತಗ್ಗಿಸಿದರೂ ಅರ್ಥ ಇದೆ. ಮುಂದಿನ ಪ್ರಶ್ನೆ: "ಒಬ್ಬನ ಅದಾನೇನು, ಯಾರರ ಜೋಡಿ ಅದಾರೇನು?" ಇದು ನಿಜವಾಗಿ ಬೇಕಾದ ಪ್ರಶ್ನೆ. ಜೊತೆಗೆ ದೊಡ್ಡವರು ಯಾರಾದರೂ ಇದ್ದಾರೆ, ಅದರಲ್ಲೂ ಆನ್‌ಲೈನ್‌ನಲ್ಲಿ ಪರಿಚಯ ಆದವರು ಅಂದರೆ, ತಡಮಾಡದೆ ತನಿಖಾಧಿಕಾರಿಗೆ ಹೇಳಿ. "ಯಾರಿಗೂ ಹೇಳಂಗಿಲ್ಲ" ಅಂತ ಮಾತ್ರ ಆಣೆ ಮಾಡಬೇಡಿ, ಅದು ಉಳಿಸಿಕೊಳ್ಳಲಾಗದ ಮಾತು. "ನಿನ್ನ ಹೆಸರು ಓಣ್ಯಾಗ ಬರಂಗಿಲ್ಲ" ಅನ್ನಿ. ಅದನ್ನು ಉಳಿಸಿಕೊಳ್ಳಿ.

ಗೆಳೆಯನಿಗೆ ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ, ಸಮಯ ಕಾಣಬೇಕು. ಮೇಲೆ ಕಾಣುವ ಹೆಸರು ಸಾಲದು, ಯೂಸರ್‌ನೇಮ್ ಬರೆದುಕೊಳ್ಳಿ. ಸಿಮ್ ತೆಗೆದು ಎಸೆದ ಹುಡುಗ ಯಾರದೋ ವೈಫೈಯಲ್ಲಿ ಅದೇ ಅಕೌಂಟ್ ತೆರೆಯುತ್ತಾನೆ. ಎಲ್ಲಿಂದ ತೆರೆದ ಅನ್ನುವ ವಿವರವನ್ನು ಪೊಲೀಸರು ಕಂಪನಿಯಿಂದ ಕೇಳಬಹುದು, ನಾವು ನೀವು ಕೇಳಲಾಗದು. ಪಾಸ್‌ವರ್ಡ್ ಊಹಿಸಿ ಊಹಿಸಿ ಅಕೌಂಟ್ ಲಾಕ್ ಮಾಡಬೇಡಿ. ಎಲ್ಲರೂ ಸೇರಿ "ಎಲ್ಲಿದ್ದಿ, ನಿಮ್ಮವ್ವ ಸಾಯಾಕತ್ತಾಳ" ಅಂತ ಮೆಸೇಜ್ ಸುರಿಯಬೇಡಿ. ಅವನು ಹೆದರಿ ಆ ಅಕೌಂಟನ್ನೂ ಮುಚ್ಚುತ್ತಾನೆ.

ಎಲ್ಲಿ ಹುಡುಕಬೇಕು? ಗದಗ ಜಂಕ್ಷನ್ ಊರು. ಒಂದು ಹಳಿ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಕಡೆ ಹೋಗುತ್ತದೆ, ಇನ್ನೊಂದು ಕೊಪ್ಪಳ, ಹೊಸಪೇಟೆ, ಬಳ್ಳಾರಿಗೆ. ಮೂರನೆಯದು ಹುಬ್ಬಳ್ಳಿಗೆ. ಹುಬ್ಬಳ್ಳಿ ತಲುಪಿದ ಮೇಲೆ ಮತ್ತೆ ಕವಲು: ಹಾವೇರಿ ಮೇಲೆ ಬೆಂಗಳೂರು, ಲೋಂಡಾ ಮೇಲೆ ಗೋವಾ, ಬೆಳಗಾವಿ ಮೇಲೆ ಮೀರಜ್, ಪುಣೆ, ಮುಂಬೈ. ಅಂದರೆ ಮಂಗಳವಾರ ಸಂಜೆ ಹತ್ತಿದವನು ಬುಧವಾರ ಮಧ್ಯಾಹ್ನದೊಳಗೆ ಮೂರು ರಾಜ್ಯಗಳಲ್ಲಿ ಎಲ್ಲಿಯಾದರೂ ಇರಬಹುದು. ಬೈಕ್ ಮೇಲೆ ಗದಗ ತಾಲೂಕು ಸುತ್ತುವುದರಿಂದ ಮನಸ್ಸಿಗೆ ಏನೋ ಮಾಡಿದ ಸಮಾಧಾನ ಸಿಗಬಹುದು, ಹುಡುಗ ಸಿಗುವುದು ಅನುಮಾನ.

ಹುಬ್ಬಳ್ಳಿ ನಿಲ್ದಾಣಕ್ಕೆ ಹೋಗಿ ಪ್ಲಾಟ್‌ಫಾರಂ ಮೇಲೆ ಫೋಟೋ ಹಿಡಿದು ತಿರುಗುವವರನ್ನು ಬಹಳ ನೋಡಿದ್ದೇನೆ. ಅಲ್ಲಿನ ಒಂದು ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ನಮಗೆಲ್ಲ ಹೆಮ್ಮೆ, ಹುಡುಕುವವರಿಗೆ ಮಾತ್ರ ಕಾಲು ನೋವು. ಅದರ ಬದಲು ನೇರವಾಗಿ ರೈಲ್ವೆ ರಕ್ಷಣಾ ದಳದ ಠಾಣೆಗೂ ರೈಲ್ವೆ ಪೊಲೀಸ್ ಠಾಣೆಗೂ ಎಫ್‌ಐಆರ್ ಪ್ರತಿ ಮತ್ತು ಫೋಟೋ ಕೊಡಿ. ಇವು ಎರಡು ಬೇರೆ ಬೇರೆ ಇಲಾಖೆ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಮುಟ್ಟಿತು ಅಂತ ತಿಳಿಯಬೇಡಿ. ರೈಲ್ವೆ ಸಹಾಯವಾಣಿ 139ಕ್ಕೂ ಹೇಳಿ. ಒಂಟಿಯಾಗಿ ಅಡ್ಡಾಡುವ ಮಕ್ಕಳನ್ನು ಗುರುತಿಸಿ ಇಳಿಸಿಕೊಳ್ಳುವ ಕೆಲಸವನ್ನು ರೈಲ್ವೆ ರಕ್ಷಣಾ ದಳದವರು 'ನನ್ಹೆ ಫರಿಶ್ತೆ' ಅನ್ನುವ ಹೆಸರಲ್ಲಿ ದೇಶದ ತುಂಬ ಮಾಡುತ್ತಾರೆ.

ಹಾಗೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡಬೇಕು. ಸಮಿತಿ ಅವನನ್ನು ಬಾಲಮಂದಿರಕ್ಕೋ ತೆರೆದ ತಂಗುದಾಣಕ್ಕೋ ಕಳಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಮನೆಗೆ ಹೋಗಲು ಮನಸ್ಸಿಲ್ಲದ ಹುಡುಗ ಹೆಸರು ತಪ್ಪು ಹೇಳುತ್ತಾನೆ, ಊರು ತಪ್ಪು ಹೇಳುತ್ತಾನೆ. ಗದಗದವನು "ರಾಯಚೂರು" ಅನ್ನುತ್ತಾನೆ. ಇತ್ತ ನೀವು ಕೆರೆ ದಂಡೆ ಸುತ್ತುತ್ತಿರುತ್ತೀರಿ, ಅತ್ತ ಅವನು ಸರಕಾರಿ ಬಾಲಮಂದಿರದಲ್ಲಿ ಅನ್ನ ಸಾರು ಉಣ್ಣುತ್ತಿರುತ್ತಾನೆ. ಹಾಗಾಗಿ ಗದಗ ಸಮಿತಿಗೆ ಒಂದೇ ಅಲ್ಲ, ಧಾರವಾಡ, ಹಾವೇರಿ, ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಸಮಿತಿಗಳಿಗೂ ಗೋವಾದವರಿಗೂ ಫೋಟೋ ಮುಟ್ಟುವಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕೇಳಿಕೊಳ್ಳಿ. ಮಿಷನ್ ವಾತ್ಸಲ್ಯ ಪೋರ್ಟಲ್‌ನಲ್ಲಿ ವಿವರ ಏರಿಸಿದ್ದಾರಾ ಅಂತಲೂ ಕೇಳಿ. ಕಾಣೆಯಾದ ಮಕ್ಕಳ ಪಟ್ಟಿ ಮತ್ತು ಸಿಕ್ಕ ಮಕ್ಕಳ ಪಟ್ಟಿ ಸೇರುವ ಜಾಗ ಅದು.

ಇನ್ನು ಊಟ ಸಿಗುವ ಜಾಗಗಳು. ನಮ್ಮ ಕಡೆ ಮಠಗಳಲ್ಲಿ ದಾಸೋಹ ಇದೆ. ಯಾರ ಮಗ, ಯಾವ ಊರು ಅಂತ ಕೇಳದೆ ಎಡೆ ಹಾಕುತ್ತಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠ, ಗದಗದಲ್ಲೇ ವೀರೇಶ್ವರ ಪುಣ್ಯಾಶ್ರಮ, ಕೊಪ್ಪಳದ ಗವಿಮಠ, ದೂರ ಅಂದರೆ ಧರ್ಮಸ್ಥಳ. ಕೈಯಲ್ಲಿ ರೊಕ್ಕ ಇಲ್ಲದ ಹುಡುಗ ಹೀಗೆ ಬಹಳ ದಿನ ತಳ್ಳಬಹುದು. "ರೊಕ್ಕ ಖಾಲಿ ಆದ್ರ ಬರ್ತಾನ" ಅನ್ನುವ ಲೆಕ್ಕ ಅದಕ್ಕೇ ತಪ್ಪುತ್ತದೆ. ಹುಡುಗಿಯಾಗಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ರಾಜ್ಯದ ಯಾವ ಮೂಲೆಗೂ ಶೂನ್ಯ ಟಿಕೆಟ್. "ಹತ್ತು ರೂಪಾಯಿ ಇಲ್ಲದಾಕಿ ಎಲ್ಲಿ ಹೋಗ್ತಾಳ" ಅಂತ ಓಣಿಯೊಳಗೇ ಹುಡುಕುತ್ತ ಕೂತ ಮನೆಗಳು ಈಗಲೂ ಇವೆ.

ಕೆಲಸ ಹುಡುಕಿ ಹೋದವರು ಹೆಚ್ಚಾಗಿ ಸಿಗುವುದು ಖಾನಾವಳಿ, ಬೇಕರಿ, ಗ್ಯಾರೇಜು, ಕೇಟರಿಂಗ್‌ನವರ ಹತ್ತಿರ. ಅದೂ ತಮ್ಮೂರಿನವರೇ ಯಾರೋ ಮೊದಲು ಹೋಗಿ ಸೇರಿದ ಜಾಗದಲ್ಲಿ. ಓಣಿಯಿಂದ ಯಾರು ಗೋವಾಕ್ಕೆ, ಉಡುಪಿಗೆ, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ ಅಂತ ಪಟ್ಟಿ ಮಾಡಿ ಒಬ್ಬೊಬ್ಬರಿಗೂ ಫೋನ್ ಮಾಡಿ. ಇದು ಓಣಿಯವರೇ ಮಾಡಬಲ್ಲ ಕೆಲಸ, ಪೊಲೀಸರಿಗೆ ಆ ಸಂಬಂಧಗಳು ಗೊತ್ತಿರುವುದಿಲ್ಲ. ಸೋದರಮಾವನ ಮನೆ, ಅಜ್ಜಿ ಮನೆ, ಹಳೆಯ ಹಾಸ್ಟೆಲ್ ಗೆಳೆಯನ ಮನೆಗೂ ಅಷ್ಟೇ. ಪಾಪ ಅಂತ ಇಟ್ಟುಕೊಂಡವರಿಗೆ ಒಂದು ಮಾತು ತಿಳಿಸಿ: ಮನೆಯವರಿಂದ ಬೇರೆಯಾದ ಮಗು ಸಿಕ್ಕರೆ 24 ಗಂಟೆಯೊಳಗೆ ಪೊಲೀಸರಿಗೋ 1098ಕ್ಕೋ ಹೇಳಬೇಕು ಅಂತ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಹೇಳಿದರೆ ಅವರಿಗೇನೂ ತೊಂದರೆ ಇಲ್ಲ.

ಬೈಕ್ ಹುಡುಗರಿಗೆ ಕೊಡಬೇಕಾದ ಕೆಲಸ ಸಿಸಿಟಿವಿ. ಮನೆಯಿಂದ ಟ್ಯೂಷನ್‌ಗೆ, ಅಲ್ಲಿಂದ ಬಸ್ ಸ್ಟ್ಯಾಂಡ್‌ಗೆ, ಸ್ಟೇಷನ್‌ಗೆ ಹೋಗುವ ದಾರಿಯ ಪ್ರತಿ ಅಂಗಡಿಯಲ್ಲೂ ಕೇಳಿ. ಡಿಸ್ಕ್ ತುಂಬಿದ ಮೇಲೆ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬರುತ್ತದೆ. ಹಾಗಾಗಿ ಮಂಗಳವಾರದ್ದನ್ನು ಅಳಿಸದಂತೆ ಎತ್ತಿಡಲು ಮಾಲೀಕರನ್ನು ಇವತ್ತೇ ಕೇಳಿಕೊಳ್ಳಬೇಕು. ಡಿವಿಆರ್ (ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ) ಪರದೆಯಲ್ಲಿ ತೋರಿಸುವ ಸಮಯವನ್ನು ನಿಮ್ಮ ಫೋನಿನ ಗಡಿಯಾರದ ಪಕ್ಕ ಹಿಡಿದು ಒಂದು ಫೋಟೋ ತೆಗೆಯಿರಿ. ಸಣ್ಣ ಅಂಗಡಿಗಳ ಡಿವಿಆರ್ ಗಡಿಯಾರ ಸರಿ ಇರುವುದೇ ಅಪರೂಪ. ಒಂದರಲ್ಲಿ ಇಪ್ಪತ್ತು ನಿಮಿಷ ಮುಂದೆ, ಇನ್ನೊಂದರಲ್ಲಿ ಒಂದು ತಾಸು ಹಿಂದೆ. ಆ ವ್ಯತ್ಯಾಸ ಗೊತ್ತಿಲ್ಲದೆ "6.40ಕ್ಕೆ ಇಲ್ಲಿದ್ದ, 6.30ಕ್ಕೆ ಅಲ್ಲಿದ್ದ" ಅಂತ ತಲೆ ಕೆಡಿಸಿಕೊಂಡು, ಅವನಲ್ಲ ಇನ್ಯಾರೋ ಅಂತ ಸರಿಯಾದ ದೃಶ್ಯವನ್ನೇ ಬಿಟ್ಟುಬಿಡುತ್ತಾರೆ. ರೆಕಾರ್ಡಿಂಗನ್ನು ಪೊಲೀಸರೇ ತೆಗೆದುಕೊಳ್ಳಲಿ. ಅದನ್ನು ಸ್ಟೇಟಸ್‌ಗೆ ಹಾಕಬೇಡಿ.

ಫೋಟೋ ವಿಷಯಕ್ಕೆ ಬಂದೆ. ಈಗಾಗಲೇ ಎಲ್ಲ ಗ್ರೂಪ್‌ಗೂ ಹೋಗಿದೆ ಅಂದಿದ್ದೀರಿ. ನೀವು ಕಳಿಸಿದ ಪೋಸ್ಟರ್ ನೋಡಿದೆ. ಅದರಲ್ಲಿ ಹುಡುಗನ ತಂದೆಯ ಹೆಸರು, ಕಾಲೇಜು, ಜಾತಿ, ಮನೆಯ ಗುರುತು, ಐದು ಜನರ ಮೊಬೈಲ್ ನಂಬರು, ಕೆಳಗೆ "ಮೊಬೈಲ್ ಚಟಕ್ಕೆ ಬಿದ್ದು ಮನೆಬಿಟ್ಟ" ಅನ್ನುವ ಸಾಲು. ದಯವಿಟ್ಟು ಅದನ್ನು ನಿಲ್ಲಿಸಿ. ಕಾಣೆಯಾದ ಮಗುವೂ ಬಾಲನ್ಯಾಯ ಕಾಯ್ದೆಯ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಗು. ಅಂಥವರ ಹೆಸರು, ಶಾಲೆ, ವಿಳಾಸ, ಚಿತ್ರ ಮಾಧ್ಯಮಗಳಲ್ಲಿ ಬರಬಾರದು ಅಂತ 74ನೇ ಸೆಕ್ಷನ್ ಇದೆ. ಹುಡುಕಲು ಫೋಟೋ ಬೇಕಲ್ಲ ಅನ್ನುತ್ತೀರಿ. ಬೇಕು. ಪೊಲೀಸರು ಅಧಿಕೃತವಾಗಿ ಬಿಡುಗಡೆ ಮಾಡುವ ಪ್ರಕಟಣೆಯನ್ನು ಕೇಳಿ ಪಡೆದು, ಅದನ್ನಷ್ಟೇ ಕಳಿಸಿ. ಇತ್ತೀಚಿನ ಒಂದು ಫೋಟೋ, ವಯಸ್ಸು, ಎತ್ತರ, ಹೋಗುವಾಗ ಹಾಕಿದ ಬಟ್ಟೆ, ಹೋದ ದಿನಾಂಕ, ಠಾಣೆಯ ನಂಬರು. ಸಾಕು. ದಿನಾಂಕ ಇಲ್ಲದ ಪೋಸ್ಟರ್ ಸಾಯುವುದಿಲ್ಲ, ಹುಡುಗ ಮದುವೆಯಾಗುವ ಹೊತ್ತಿಗೂ ಯಾವುದೋ ಗ್ರೂಪ್‌ನಲ್ಲಿ ಓಡುತ್ತಿರುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ, ನಾನು ಈ ಉತ್ತರ ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ. ಐದು ವರ್ಷದ ಮಗು ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಅದು ನಿಮ್ಮನ್ನು ಹುಡುಕುತ್ತಿರುತ್ತದೆ. ಹದಿನಾರರ ಹುಡುಗ ನಿಮ್ಮನ್ನು ನೋಡುತ್ತಿರುತ್ತಾನೆ. ಎಲ್ಲೋ ಕೂತು, ಯಾರದೋ ಫೋನಿನಲ್ಲಿ, ತನ್ನ ಬಗ್ಗೆ ಓಣಿ ಏನು ಮಾತಾಡುತ್ತಿದೆ ಅಂತ ಓದುತ್ತಿರುತ್ತಾನೆ. ಎರಡನೇ ದಿನವೇ ವಾಪಸ್ ಬರಲು ಮನಸ್ಸು ಮಾಡಿದ ಹುಡುಗರು ಆ ಪೋಸ್ಟರ್ ನೋಡಿ ಮುಂದಿನ ರೈಲು ಹತ್ತಿದ್ದಿದೆ. "ಇನ್ನ ಮಾರಿ ಹೆಂಗ ತೋರಸ್ಲಿ" ಅನ್ನುವುದೇ ಅವರ ಲೆಕ್ಕ. ಓಣಿ ಆಡುವ ಮಾತು ಅವನಿಗೆ ಮುಟ್ಟುತ್ತದೆ ಅಂತ ತಿಳಿದೇ ಮಾತಾಡಿ. ಅವ್ವನೋ ಅಕ್ಕನೋ ತಮ್ಮ ದನಿಯಲ್ಲೇ ಒಂದು ಆಡಿಯೋ ಮಾಡಿ, ಗೆಳೆಯನ ಮೂಲಕ ಕಳಿಸಲಿ. ಅಳುವುದು ಬೇಡ, ಬೈಯುವುದೂ ಬೇಡ. "ಯಾರೂ ಸಿಟ್ಟಾಗಿಲ್ಲ. ಮನಿಗೇ ಬರಬೇಕಂತಿಲ್ಲ, ಮೊದಲ ಮಾವನ ಮನಿಗೆ ಹೋಗು, ಇಲ್ಲಾ 1098ಕ್ಕ ಫೋನ್ ಮಾಡು." ನೇರ ಮನೆಗೆ ಬರಲು ನಾಚಿಕೆಪಡುವವನಿಗೆ ನಡುವೆ ಒಂದು ನಿಲ್ದಾಣ ಬೇಕಾಗುತ್ತದೆ.

ದಿನಕ್ಕೊಂದು ಸುಳ್ಳು ಸುದ್ದಿ ಬರುವುದು ಐದು ನಂಬರು ಕೊಟ್ಟದ್ದರ ಫಲ. ಒಂದೇ ನಂಬರು ಇರಲಿ. ಅದನ್ನು ಮನೆಯವರ ಬದಲು ತಲೆ ತಣ್ಣಗಿರುವ ಒಬ್ಬರು ಹಿಡಿಯಲಿ. ಬಂದ ಪ್ರತಿ ಕರೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲಿ: ಯಾರು, ಎಷ್ಟೊತ್ತಿಗೆ, ಎಲ್ಲಿ ನೋಡಿದರು, ಕಣ್ಣಾರೆ ನೋಡಿದರೋ ಕೇಳಿದ್ದೋ. "ನಿಮ್ಮ ಹುಡುಗ ನಮ್ಮ ಹತ್ತಿರ ಇದ್ದಾನೆ, ಆಸ್ಪತ್ರೆ ಬಿಲ್ಲಿಗೆ ಫೋನ್‌ಪೇ ಮಾಡಿ" ಅನ್ನುವ ಕರೆ ಬಂದೇ ಬರುತ್ತದೆ. ವಿಡಿಯೋ ಕಾಲ್ ಕೇಳಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಹುಡುಗನಿಗೇ ಕೇಳಿ. ರೊಕ್ಕ ಹಾಕಬೇಡಿ, ತನಿಖಾಧಿಕಾರಿಗೆ ನಂಬರು ಕೊಡಿ. ಈಗಾಗಲೇ ಹಾಕಿ ಮೋಸ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಹೇಳಿ.

"ಮಕ್ಕಳ ಕಳ್ಳರು ಬಂದಾರ" ಅನ್ನುವ ಮೆಸೇಜ್ ನಿಮ್ಮ ಗ್ರೂಪ್‌ನಲ್ಲೂ ಶುರುವಾಗಿರಬಹುದು. ಅಲ್ಲೇ ಅದುಮಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ವದಂತಿಗೆ ಜನ ಸೇರಿ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಷ್ಟೇ ಆ ಯುವಕನ ಜೊತೆಯವರು ಮಾಡಿದ್ದು. ಕಂಬಳಿ ಮಾರಲು ಬಂದವರು, ಭಿಕ್ಷೆಗೆ ಬಂದವರು, ಹಿಂದಿ ಮಾತಾಡುವ ಕೂಲಿಯವರು ಯಾರನ್ನೂ ತಡೆದು "ವಿಚಾರಣೆ" ಮಾಡಬೇಡಿ. ಅನುಮಾನ ಇದ್ದರೆ 112.

ಅಂಜನದ ಬಗ್ಗೆ ನಾನು ನಗುವುದಿಲ್ಲ. ದಿಕ್ಕು ತೋಚದ ತಾಯಿ ಎಲ್ಲ ಬಾಗಿಲನ್ನೂ ಬಡಿಯುತ್ತಾಳೆ. ಹೋಗಬೇಕು ಅಂದವರು ಒಬ್ಬರು ಹೋಗಿ ಬರಲಿ. ಆದರೆ "ಮೂಡಣ ದಿಕ್ಕಿಗೆ, ನೀರಿನ ಹತ್ತಿರ" ಅಂದರು ಅಂತ ಇಡೀ ಓಣಿ ತುಂಗಭದ್ರೆ ಕಡೆ ಗಾಡಿ ಕಟ್ಟಬಾರದು. ಸಿಸಿಟಿವಿ ನೋಡುವವರು ಸಿಸಿಟಿವಿ ನೋಡುತ್ತಲೇ ಇರಬೇಕು, ಫೋನ್ ಹಿಡಿದವರು ಫೋನ್ ಬಿಡಬಾರದು.

ಹುಡುಗನ ಮನೆಗೆ ಜನ ಹೋಗಿ ಕೂರುವುದನ್ನೂ ಸ್ವಲ್ಪ ತಡೆಯಿರಿ. ನಮ್ಮಲ್ಲಿ ಮಾತಾಡಿಸಿಕೊಂಡು ಬರುವ ರೂಢಿ ಒಳ್ಳೆಯದೇ. ಆದರೆ ಹೆಣ್ಣುಮಕ್ಕಳೆಲ್ಲ ಸುತ್ತ ಕೂತು, ಸೆರಗು ಬಾಯಿಗೆ ಹಿಡಿದು "ಹೆಂತಾ ಹುಡುಗ ಇದ್ದ" ಅನ್ನತೊಡಗಿದರೆ ಅದು ಸತ್ತವರ ಮನೆಯಾಗುತ್ತದೆ. "ಇದ್ದ" ಅಂದದ್ದು ಆ ತಾಯಿಗೆ ಹೇಗೆ ಕೇಳಿಸುತ್ತದೆ ಯೋಚಿಸಿ. ರೊಟ್ಟಿ ಪಲ್ಯ ಕೊಟ್ಟು ಬನ್ನಿ, ಚಿಕ್ಕ ತಂಗಿಯನ್ನು ಶಾಲೆಗೆ ಬಿಟ್ಟು ಬನ್ನಿ. ರಾತ್ರಿ ಮನೆಯಲ್ಲಿ ಯಾರಾದರೂ ಒಬ್ಬರು ಎಚ್ಚರ ಇರಲಿ, ಬಾಗಿಲಿಗೆ ಒಳಗಿನಿಂದ ಕೀಲಿ ಬೇಡ. ತಾಯಿಗೆ ನಿದ್ದೆ ಇಲ್ಲ, ಊಟ ಇಲ್ಲ ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್ ಅನ್ನುವ ಆ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ.

ಅವನು ಬಂದ ದಿನ ಏನು ಮಾಡಬೇಕು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಆ ಹೊತ್ತಿಗೆ ತಲೆ ಓಡುವುದಿಲ್ಲ. ಸ್ಟೇಷನ್‌ನಿಂದ ಕರೆತರಲು ಇಬ್ಬರು ಸಾಕು. ಹಾರ ಬೇಡ, ಸೆಲ್ಫಿ ಬೇಡ, "ಸಿಕ್ಕಾನ" ಅಂತ ಅವನ ಫೋಟೋ ಹಾಕುವುದಂತೂ ಬೇಡವೇ ಬೇಡ. ಅಪ್ಪನ ಕೈ ಮೇಲೇಳದಂತೆ ಒಬ್ಬರು ಪಕ್ಕ ನಿಲ್ಲಿ. ಸಂತೋಷಕ್ಕೆ ಹೊಡೆದರೂ ಹೊಡೆತವೇ. ತಾನಾಗಿ ಬಂದರೂ ಠಾಣೆಗೆ ತಿಳಿಸಲೇಬೇಕು, ಕೇಸ್ ಬಾಕಿ ಇರುತ್ತದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವನು ಒಬ್ಬನೇ ಕೂತು ಮಾತಾಡಲು ಬಿಡ್ರಿ. ಮೊಬೈಲ್ ಜಗಳ ಅಂತ ನೀವು ಬರೆದಿದ್ದೀರಿ. ಇರಬಹುದು. ಮನೆಬಿಟ್ಟ ಹಿಂದಿನ ದಿನದ ಜಗಳ ಎಲ್ಲರಿಗೂ ಕಾಣುತ್ತದೆ, ಅದರ ಹಿಂದಿನ ವರ್ಷ ಕಾಣುವುದಿಲ್ಲ. ಯಾರೋ ದೊಡ್ಡವರು ಕೊಡುವ ಕಿರುಕುಳ, ಕಾಲೇಜಿನ ರ‍್ಯಾಗಿಂಗ್, ಆನ್‌ಲೈನ್ ಆಟದ ಸಾಲ, ಕುಡಿದು ಬರುವ ಅಪ್ಪ, ಏನೂ ಇರಬಹುದು. ಅವನಿಗೆ ಮನೆಗೆ ಹೋಗಲು ಭಯ ಇದೆ ಅಂದರೆ ಸಮಿತಿ ತಕ್ಷಣ ಮನೆಗೆ ಕಳಿಸುವುದಿಲ್ಲ. ಆಗ ಸಮಿತಿಯ ಮೇಲೆ ಒತ್ತಡ ತರಲು ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ಕಾಲೇಜಿನವರ ಹತ್ತಿರ ಈಗಲೇ ಮಾತಾಡಿ ಇಡಿ, ಹಾಜರಾತಿ ನೆಪಕ್ಕೆ ಟಿಸಿ ಕೊಟ್ಟು ಕಳಿಸದಿರಲಿ.

ದಿನ ಉದ್ದವಾದರೆ? ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ತನಿಖೆಯನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಕೊಡಬೇಕು ಅಂತಲೂ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟು ಕಾಯುವ ಮೊದಲೇ, ಯಾರೋ ಅವನನ್ನು ಹಿಡಿದಿಟ್ಟಿದ್ದಾರೆ ಅನ್ನಿಸಿದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಅಂತ ಕೇಳುವ ಅರ್ಜಿ, ಹಾಕಬಹುದು. ಬೆಂಗಳೂರಿಗೆ ಓಡಬೇಕಾಗಿಲ್ಲ. ವಕೀಲರ ಖರ್ಚಿಗೆ ಹೆದರಬೇಡಿ, ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ತಾಯಿಯ ಹೆಸರಲ್ಲಿ ಅರ್ಜಿ ಕೊಡಿ. ಸಹಾಯವಾಣಿ 15100.

ಬಹುಮಾನ ಈಗ ಬೇಡ. 25 ಸಾವಿರ ಅಂದ ಕೂಡಲೇ ಸುಳ್ಳು ಕರೆ ಹತ್ತು ಪಟ್ಟು ಆಗುತ್ತದೆ. ಹುಡುಗ ಎಲ್ಲಿದ್ದಾನೆ ಅಂತ ಗೊತ್ತಿರುವವರೂ ಇನ್ನೆರಡು ದಿನ ತಡೆದರೆ ಮೊತ್ತ ಏರೀತು ಅಂತ ಕೂರಬಹುದು. ಆ ರೊಕ್ಕ ಸೇರಿದ್ದರೆ ಬೇರೆ ಕೆಲಸಕ್ಕೆ ಇಡಿ. ಪೊಲೀಸರು ಗೋವಾಕ್ಕೋ ಮುಂಬೈಗೋ ಹೊರಟರೆ ಗುರುತು ಹಿಡಿಯಲು ಮನೆಯವರೊಬ್ಬರು ಜೊತೆಗೆ ಹೋಗಬೇಕಾಗುತ್ತದೆ, ಅದರ ಖರ್ಚಿಗೆ. ಅಪ್ಪ ನೇಕಾರ ಅಂತ ಬರೆದಿದ್ದೀರಿ. ಮಂಗಳವಾರದಿಂದ ಮಗ್ಗಕ್ಕೆ ಕೂತಿರಲಿಕ್ಕಿಲ್ಲ, ಈ ವಾರದ ಕೂಲಿ ಬಂದಿರುವುದಿಲ್ಲ. ರೇಷನ್ನಿಗೆ, ಕರೆಂಟ್ ಬಿಲ್ಲಿಗೆ ಅದರಲ್ಲೇ ಕೊಡಿ. ಲೆಕ್ಕ ಒಬ್ಬರ ಕೈಯಲ್ಲಿ, ಬರವಣಿಗೆಯಲ್ಲಿ ಇರಲಿ.